ನಾಡಿ ಹೇಳದ ಕಾಯಿಲೆ: ಜೂಜಿನ ಚಟವನ್ನು ಗುರುತಿಸುವುದು ಹೇಗೆ?

ಕೆಲವು ವರ್ಷಗಳ ಹಿಂದಿನ ಮಾತು. ಮೂವತ್ತರ ಆಸುಪಾಸಿನ ಯುವಕರೊಬ್ಬರು ಎದೆಯುರಿ, ಹಸಿವಿಲ್ಲ, ನಿದ್ದೆ ಬರುವುದಿಲ್ಲ ಎಂದು ನನ್ನ ಕ್ಲಿನಿಕ್‌ಗೆ ಬಂದರು. ನಾಡಿ ನೋಡಿದೆ, ನಾಲಿಗೆ ನೋಡಿದೆ, ಬಿಪಿ ಅಳೆದೆ. ಊಟದ ಬಗ್ಗೆ ಕೇಳಿದೆ. ಬೀಡಿ, ಸಿಗರೇಟು, ಗುಟ್ಕಾ ಇದೆಯೇ ಎಂದೂ ಕೇಳಿದೆ. "ಇಲ್ಲ ಡಾಕ್ಟ್ರೇ, ನನಗೆ ಯಾವ ಚಟವೂ ಇಲ್ಲ" ಎಂದರು. ಹೊಟ್ಟೆಗೆ ಜವಾರಿಶ್, ನಿದ್ದೆಗೆ ಖಮೀರಾ ಕೊಟ್ಟು ಕಳುಹಿಸಿದೆ. ನಾಲ್ಕು ತಿಂಗಳಲ್ಲಿ ಐದು ಸಲ ಬಂದರು. ಪ್ರತಿ ಸಲವೂ ಅದೇ ದೂರು. ನಾನು ಮದ್ದು ಬದಲಾಯಿಸುತ್ತಲೇ ಹೋದೆ.

ಆರನೇ ಸಲ ಬಂದವರು ಅವರ ಪತ್ನಿ. ಕಂಕುಳಲ್ಲಿ ಮಗು. "ಡಾಕ್ಟ್ರೇ, ನನ್ನ ಮಹರಿನ ಸರ ಅಡವಿಗೆ ಹೋಗಿದೆ. ಇವರು ರಾತ್ರಿಯಿಡೀ ಮೊಬೈಲಿನಲ್ಲಿ ದುಡ್ಡು ಹಾಕಿ ರಮ್ಮಿ ಆಡುತ್ತಾರೆ. ನಿಮ್ಮ ಮದ್ದು ತಿಂದರೂ ನಿದ್ದೆ ಬರುವುದಿಲ್ಲ ಅಂತಾರೆ. ಮಲಗಿದರೆ ತಾನೇ ನಿದ್ದೆ ಬರುವುದು?" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಬೀಡಿಯ ಬಗ್ಗೆ ಕೇಳಿದ್ದ ನಾನು ಜೂಜಿನ ಬಗ್ಗೆ ಕೇಳಿರಲಿಲ್ಲ. ಕೇಳಲು ಅರ್ಧ ನಿಮಿಷ ಸಾಕಿತ್ತು. ಈ ಲೇಖನ ಆ ಅರ್ಧ ನಿಮಿಷದ ಕುರಿತು.

ಪಾಪವೂ ಹೌದು, ಕಾಯಿಲೆಯೂ ಹೌದು

ಜೂಜಿನ ವಿಧಿಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಪವಿತ್ರ ಕುರ್‌ಆನ್‌ನ ಅಲ್ ಬಕರಾ ಅಧ್ಯಾಯದ 219ನೇ ವಚನ ಮದ್ಯ ಮತ್ತು ಜೂಜನ್ನು ಜೊತೆಯಾಗಿ ಹೆಸರಿಸಿ, ಇವುಗಳ ಲಾಭಕ್ಕಿಂತ ಹಾನಿಯೇ ದೊಡ್ಡದೆಂದು ತಿಳಿಸುತ್ತದೆ. ಅಲ್ ಮಾಇದಾ ಅಧ್ಯಾಯದ 90 ಮತ್ತು 91ನೇ ವಚನಗಳು ಇವೆರಡರಿಂದಲೂ ದೂರವಿರಲು ಆಜ್ಞಾಪಿಸುತ್ತವೆ. ಇವುಗಳ ಮೂಲಕ ಶೈತಾನನು ನಿಮ್ಮ ನಡುವೆ ಹಗೆತನ ಬಿತ್ತಲು, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ನಿಮ್ಮನ್ನು ತಡೆಯಲು ಬಯಸುತ್ತಾನೆ ಎಂದು ಎಚ್ಚರಿಸುತ್ತವೆ.

ಆದರೆ ಕುಡಿತದ ಚಟಕ್ಕೆ ಬಿದ್ದವನ ವಿಷಯದಲ್ಲಿ ನಾವು ಏನು ಮಾಡುತ್ತೇವೆ? ಅದು ಹರಾಮ್ ಎನ್ನುತ್ತೇವೆ, ಜೊತೆಗೆ ಅವನನ್ನು ಆಸ್ಪತ್ರೆಗೂ ಕರೆದೊಯ್ಯುತ್ತೇವೆ. ಜೂಜಿನ ವಿಷಯದಲ್ಲಿ ಮಾತ್ರ ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟುಬಿಡುತ್ತೇವೆ. ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಜೂಜಿನ ಚಟವನ್ನು ಕಾಯಿಲೆಯಾಗಿ ಮೊದಲು ಸೇರಿಸಿದ್ದು 1980ರಲ್ಲಿ. 2013ರಲ್ಲಿ ಅದನ್ನು ಮದ್ಯ ಹಾಗೂ ಮಾದಕ ವಸ್ತುಗಳ ಚಟವಿರುವ ಅಧ್ಯಾಯಕ್ಕೇ ವರ್ಗಾಯಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಈಗ ಹಾಗೆಯೇ ಇದೆ. ಕುರ್‌ಆನ್ ಜೊತೆಯಾಗಿ ಹೆಸರಿಸಿದ ಎರಡನ್ನು ವೈದ್ಯಶಾಸ್ತ್ರವೂ ಈಗ ಜೊತೆಯಾಗಿಯೇ ಇಟ್ಟಿದೆ.

ಒಮ್ಮೆ ಲಾಟರಿ ಟಿಕೆಟು ಕೊಂಡವರೆಲ್ಲ ರೋಗಿಗಳೆಂದು ಇದರ ಅರ್ಥವಲ್ಲ. ಅದು ತಪ್ಪು, ತೌಬಾ ಮಾಡಬೇಕಾದ ತಪ್ಪು. ಬಿಡಬೇಕೆಂದು ಮನಸಾರೆ ಬಯಸಿ, ತೌಬಾ ಮಾಡಿ, ಮಕ್ಕಳ ಮೇಲೆ ಆಣೆ ಇಟ್ಟು, ಮೂರು ದಿನದ ಬಳಿಕ ಮತ್ತೆ ಅಲ್ಲಿಗೇ ಹೋಗಿ ನಿಲ್ಲುವವನು ರೋಗಿ. ಅವನಿಗೆ ಉಪದೇಶದ ಜೊತೆ ಚಿಕಿತ್ಸೆಯೂ ಬೇಕು.

ಮನಸ್ಸು ಸಿಕ್ಕಿಬೀಳುವುದು ಹೇಗೆ?

ಪ್ರತಿ ಸಲವೂ ಸೋಲುವ ಆಟವನ್ನು ಯಾರೂ ಆಡುವುದಿಲ್ಲ. ಪ್ರತಿ ಸಲ ಗೆಲ್ಲುವ ಆಟವೂ ಬೇಗ ಬೇಸರ ತರಿಸುತ್ತದೆ. ಯಾವಾಗ ಗೆಲುವು ಬರುತ್ತದೆಂದು ಗೊತ್ತಿಲ್ಲದ ಆಟವೇ ಮನುಷ್ಯನನ್ನು ಹಿಡಿದಿಡುವುದು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಿದೆ. ಗೆದ್ದಾಗಷ್ಟೇ ಅಲ್ಲ, ಗೆಲ್ಲಬಹುದೆಂಬ ನಿರೀಕ್ಷೆಯಲ್ಲೇ ಅದು ಕೆಲಸ ಮಾಡುತ್ತದೆ. ಒಂದೇ ಎಲೆಯಿಂದ ಆಟ ತಪ್ಪಿದಾಗ 'ಸೋತೆ' ಎನ್ನುವ ಬದಲು 'ಇನ್ನೇನು ಗೆದ್ದೇಬಿಟ್ಟಿದ್ದೆ' ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಹೋದ ದುಡ್ಡನ್ನು ಮರಳಿ ಪಡೆಯಲು ಮತ್ತೆ ದುಡ್ಡು ಹಾಕುವುದು ಈ ಕಾಯಿಲೆಯ ಮುಖ್ಯ ಗುರುತು.

ಹಿಂದೆ ಇದಕ್ಕೆ ಮಟ್ಕಾ ಬರೆಯುವವನ ಬಳಿಗೋ ಇಸ್ಪೀಟಿನ ಅಡ್ಡೆಗೋ ಹೋಗಬೇಕಿತ್ತು. ಹೋಗುವವನನ್ನು ನಾಲ್ಕು ಜನ ನೋಡುತ್ತಿದ್ದರು. ಈಗ ಅಡ್ಡೆ ಜೇಬಿನಲ್ಲೇ ಇದೆ. ಯುಪಿಐಯಲ್ಲಿ ದುಡ್ಡು ಹೋಗುತ್ತದೆ, ಸಾಲ ಕೊಡುವ ಆ್ಯಪ್ ಕೂಡ ಅದೇ ಮೊಬೈಲಿನಲ್ಲಿದೆ. ಬಾಯಲ್ಲಿ ವಾಸನೆ ಇಲ್ಲ, ನಡಿಗೆ ತೂರಾಡುವುದಿಲ್ಲ, ರಕ್ತ ಪರೀಕ್ಷೆಯಲ್ಲೂ ಕಾಣುವುದಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆಟ ನಡೆಸುವವರಿಗೆ, ಅದರ ಜಾಹೀರಾತು ಮಾಡುವವರಿಗೆ ಅದರಲ್ಲಿ ಶಿಕ್ಷೆಯಿದೆ. ಆಡಿ ಸೋತವನನ್ನು ಆ ಕಾಯ್ದೆ ಅಪರಾಧಿ ಎಂದು ನೋಡುವುದಿಲ್ಲ. ಹಾಗಾಗಿ ಚಿಕಿತ್ಸೆಗೆ ಬರಲು ಯಾರೂ ಹೆದರಬೇಕಿಲ್ಲ. ಆದರೆ ಕಾಯ್ದೆ ಬಂದ ಮಾತ್ರಕ್ಕೆ ಚಟ ಹೋಗುವುದಿಲ್ಲ. ಒಂದು ಬಾಗಿಲು ಮುಚ್ಚಿದರೆ ಚಟ ಇರುವವನು ಇನ್ನೊಂದನ್ನು ಹುಡುಕುತ್ತಾನೆ.

ಇಬ್ನು ಸೀನಾ ಕಲಿಸಿದ ಪಾಠ

ಯುನಾನಿ ವೈದ್ಯರಿಗೆ ನಾಡಿಯೆಂದರೆ ಅಭಿಮಾನ. ಇಬ್ನು ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಪ್ರೇಮದ ಕೊರಗಿನಿಂದ ಕೃಶನಾದವನ ಬಗ್ಗೆ ಬರೆದಿದ್ದಾರೆ. ರೋಗಿ ಪ್ರೀತಿಸಿದವಳ ಹೆಸರು ಹೇಳುವುದಿಲ್ಲ. ವೈದ್ಯರು ಅವನ ನಾಡಿಯ ಮೇಲೆ ಬೆರಳಿಟ್ಟು ಹೆಸರುಗಳನ್ನು ಒಂದೊಂದಾಗಿ ಹೇಳಬೇಕು. ಯಾವ ಹೆಸರಿಗೆ ನಾಡಿಯ ಗತಿ ಬದಲಾಗುತ್ತದೆಯೋ ಅದೇ ಗುಟ್ಟು.

ಈ ಪ್ರಸಂಗವನ್ನು ನಾಡಿಯ ಹಿರಿಮೆ ಹೇಳಲು ಬಳಸುವುದುಂಟು. ನನಗೆ ಈಗ ಅದರಲ್ಲಿ ಇನ್ನೊಂದು ಪಾಠ ಕಾಣುತ್ತದೆ. ನಾಡಿ ತಾನಾಗಿ ಏನನ್ನೂ ಹೇಳಲಿಲ್ಲ. ವೈದ್ಯರು ಬಾಯಿಬಿಟ್ಟು ಹೆಸರು ಹೇಳಬೇಕಾಯಿತು. ಜೂಜಿನ ವಿಷಯವೂ ಹಾಗೆಯೇ. ಕೇಳದೆ ಯಾರೂ ಹೇಳುವುದಿಲ್ಲ.

ಸ್ಕ್ರೀನಿಂಗ್ ಎಂದರೇನು?

ಜಮಾಅತಿನ ಆರೋಗ್ಯ ಶಿಬಿರದಲ್ಲಿ ಬೆರಳಿಗೆ ಚುಚ್ಚಿ ಸಕ್ಕರೆ ನೋಡುತ್ತಾರಲ್ಲ, ಅದು ಸ್ಕ್ರೀನಿಂಗ್. ಅಲ್ಲಿ ಸಕ್ಕರೆ ಹೆಚ್ಚು ಬಂದರೆ 'ನಿಮಗೆ ಮಧುಮೇಹವಿದೆ' ಎಂದು ತೀರ್ಮಾನ ಕೊಡುವುದಿಲ್ಲ, 'ಲ್ಯಾಬಿನಲ್ಲಿ ಸರಿಯಾಗಿ ಪರೀಕ್ಷಿಸಿ' ಎನ್ನುತ್ತಾರೆ. ಜೂಜಿಗೂ ಇಂಥ ಸೋಸುವ ಪ್ರಶ್ನೆಗಳಿವೆ. ಅವು ತೀರ್ಪಲ್ಲ, ಮುಂದೆ ನೋಡಬೇಕೋ ಬೇಡವೋ ಎಂಬುದಷ್ಟನ್ನೇ ಹೇಳುತ್ತವೆ.

ಎರಡು ಪ್ರಶ್ನೆ

1997ರಲ್ಲಿ ಅಮೆರಿಕದ ಸಂಶೋಧಕರು ರೋಗನಿರ್ಣಯದ ಉದ್ದ ಪಟ್ಟಿಯಿಂದ ಹೆಚ್ಚು ಉಪಯೋಗಕ್ಕೆ ಬರುವ ಎರಡನ್ನು ಮಾತ್ರ ಆರಿಸಿದರು. ಅವುಗಳ ತಿರುಳು ನಮ್ಮ ಮಾತಿನಲ್ಲಿ ಹೀಗಿದೆ:

1. ಹಾಕುವ ದುಡ್ಡನ್ನು ಇನ್ನೂ ಹೆಚ್ಚಿಸಬೇಕು, ಇನ್ನೂ ಹೆಚ್ಚಿಸಬೇಕು ಎಂದು ನಿಮಗೆ ಎಂದಾದರೂ ಅನಿಸಿದೆಯೇ?
2. ಎಷ್ಟು ಆಡಿದಿರಿ ಎಂಬುದರ ಬಗ್ಗೆ ಮನೆಯವರಿಗೆ ಅಥವಾ ಆಪ್ತರಿಗೆ ಎಂದಾದರೂ ಸುಳ್ಳು ಹೇಳಬೇಕಾಗಿ ಬಂದಿದೆಯೇ?

ಒಂದಕ್ಕೆ 'ಹೌದು' ಎಂದರೂ ಹೆಚ್ಚಿನ ವಿಚಾರಣೆ ಬೇಕು. ನನ್ನ ಅನುಭವದಲ್ಲಿ ನಮ್ಮವರು ಎರಡನೇ ಪ್ರಶ್ನೆಗೆ ಬೇಗ ಸಿಗುತ್ತಾರೆ. ಸುಳ್ಳಿನ ಭಾರ ಅವರಿಗೆ ಸೋಲಿನ ಭಾರಕ್ಕಿಂತ ಹೆಚ್ಚಾಗಿರುತ್ತದೆ.

ಒಂಬತ್ತು ಪ್ರಶ್ನೆ

ಎರಡು ಪ್ರಶ್ನೆಗಳಲ್ಲಿ ಸುಳಿವು ಸಿಕ್ಕಿದ ಮೇಲೆ ತೀವ್ರತೆ ಅಳೆಯಲು 2001ರಲ್ಲಿ ಕೆನಡಾದಲ್ಲಿ ಸಿದ್ಧವಾದ ಒಂಬತ್ತು ಪ್ರಶ್ನೆಗಳ ಪಟ್ಟಿಯಿದೆ. ಹಲವು ದೇಶಗಳಲ್ಲಿ ಇದೇ ಬಳಕೆಯಲ್ಲಿದೆ. ತಿರುಳನ್ನು ಇಲ್ಲಿ ಕೊಡುತ್ತೇನೆ. ಕಳೆದ 12 ತಿಂಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

1. ಕಳೆದುಕೊಂಡರೆ ತಡೆದುಕೊಳ್ಳಲಾಗದಷ್ಟು ದುಡ್ಡು ಹಾಕಿದ್ದೀರಾ?
2. ಮೊದಲಿನ ರೋಮಾಂಚನಕ್ಕೆ ಈಗ ಮೊದಲಿಗಿಂತ ಹೆಚ್ಚು ದುಡ್ಡು ಹಾಕಬೇಕಾಗಿದೆಯೇ?
3. ಸೋತ ದುಡ್ಡನ್ನು ಗೆಲ್ಲಲು ಇನ್ನೊಂದು ದಿನ ಮತ್ತೆ ಆಡಿದ್ದೀರಾ?
4. ಆಡಲೆಂದು ಸಾಲ ಮಾಡಿದ್ದೀರಾ, ಏನನ್ನಾದರೂ ಮಾರಿದ್ದೀರಾ?
5. ನನ್ನ ಆಟ ಮಿತಿ ಮೀರಿರಬಹುದು ಎಂದು ನಿಮಗೇ ಅನಿಸಿದೆಯೇ?
6. ಸರಿಯೋ ತಪ್ಪೋ, ಬೇರೆಯವರು ಈ ಬಗ್ಗೆ ನಿಮ್ಮನ್ನು ಟೀಕಿಸಿದ್ದಾರೆಯೇ?
7. ಆಡಿದ್ದಕ್ಕಾಗಿ, ಆಡಿದ ಬಳಿಕ ಆದದ್ದಕ್ಕಾಗಿ ತಪ್ಪಿತಸ್ಥ ಭಾವನೆ ಕಾಡಿದೆಯೇ?
8. ಇದರಿಂದ ಆತಂಕ, ಒತ್ತಡ ಸೇರಿದಂತೆ ಆರೋಗ್ಯದ ತೊಂದರೆ ಬಂದಿದೆಯೇ?
9. ನಿಮಗೆ ಅಥವಾ ಮನೆಗೆ ಹಣದ ತೊಂದರೆ ಆಗಿದೆಯೇ?

'ಇಲ್ಲವೇ ಇಲ್ಲ' ಎಂದರೆ 0, 'ಕೆಲವೊಮ್ಮೆ' ಎಂದರೆ 1, 'ಹೆಚ್ಚಿನ ಸಲ' ಎಂದರೆ 2, 'ಹೆಚ್ಚುಕಡಿಮೆ ಯಾವಾಗಲೂ' ಎಂದರೆ 3. ಒಟ್ಟು ಗರಿಷ್ಠ 27. ಮೊತ್ತ 1 ಅಥವಾ 2 ಆದರೆ ಅಪಾಯ ಕಡಿಮೆ, 3ರಿಂದ 7 ಮಧ್ಯಮ, 8 ಅಥವಾ ಹೆಚ್ಚಾದರೆ ತಜ್ಞರನ್ನು ಕಾಣಲೇಬೇಕು. ಒಂದು ಉದಾಹರಣೆ: ನಾಲ್ಕು ಪ್ರಶ್ನೆಗೆ 'ಕೆಲವೊಮ್ಮೆ', ಎರಡಕ್ಕೆ 'ಹೆಚ್ಚಿನ ಸಲ' ಎಂದವರ ಅಂಕ 8 ಆಗಿಬಿಡುತ್ತದೆ. ಎಲ್ಲವನ್ನೂ ಕಳೆದುಕೊಂಡವರಷ್ಟೇ ಈ ಅಂಕ ಮುಟ್ಟುವುದಿಲ್ಲ.

ನಮ್ಮಲ್ಲಿ ಒಂದು ಎಚ್ಚರಿಕೆ ಬೇಕು. ಏಳನೇ ಪ್ರಶ್ನೆಗೆ ಮುಸ್ಲಿಮನಾದವನು ಒಮ್ಮೆ ಆಡಿದರೂ 'ಹೌದು' ಎನ್ನುತ್ತಾನೆ, ಎನ್ನಬೇಕು ಕೂಡ. ಅದೊಂದನ್ನೇ ನೋಡಿ ಕಾಯಿಲೆ ಎನ್ನಬೇಡಿ. ಉಳಿದ ಉತ್ತರಗಳ ಜೊತೆ ಸೇರಿಸಿ ನೋಡಿ. ಅಂತಿಮ ನಿರ್ಣಯ ಮನೋವೈದ್ಯರದ್ದು. ಅವರ ಕೈಪಿಡಿಯಲ್ಲಿರುವ ಒಂಬತ್ತು ಲಕ್ಷಣಗಳಲ್ಲಿ ಒಂದು ವರ್ಷದೊಳಗೆ ನಾಲ್ಕಾದರೂ ಇರಬೇಕು. ಅತಿಯಾದ ಉತ್ಸಾಹದ ಉನ್ಮಾದ ಕಾಯಿಲೆಯಿಂದ ಹೀಗಾಗುತ್ತಿದೆಯೇ ಎಂಬುದನ್ನೂ ಅವರು ನೋಡುತ್ತಾರೆ.

ಕೇಳುವ ರೀತಿ

ಪ್ರಶ್ನೆ ಸರಿಯಿದ್ದರೂ ಕೇಳುವ ರೀತಿ ತಪ್ಪಿದರೆ ಉತ್ತರ ಬರುವುದಿಲ್ಲ. ನಾನು ತಪ್ಪು ಮಾಡಿ ಕಲಿತ ಕೆಲವು ವಿಷಯಗಳು:

*'ಜೂಜು' ಎಂಬ ಶಬ್ದದಿಂದ ಶುರು ಮಾಡಬೇಡಿ.* "ಜೂಜಾಡುತ್ತೀರಾ?" ಎಂದರೆ "ಅಸ್ತಗ್ಫಿರುಲ್ಲಾಹ್, ಇಲ್ಲ" ಎಂಬ ಉತ್ತರ ಬರುತ್ತದೆ. ಅದು ಸುಳ್ಳೂ ಆಗಿರಲಿಕ್ಕಿಲ್ಲ. ಅವರ ಲೆಕ್ಕದಲ್ಲಿ ರಮ್ಮಿ 'ಗೇಮ್', ಐಪಿಎಲ್ ಬಾಜಿ 'ಫ್ರೆಂಡ್ಸ್ ಜೊತೆ ತಮಾಷೆ'. ಹಾಗಾಗಿ ಹೆಸರಿಸಿ ಕೇಳಿ: "ಕಳೆದ ಒಂದು ವರ್ಷದಲ್ಲಿ ಮೊಬೈಲಿನಲ್ಲಿ ದುಡ್ಡು ಹಾಕಿ ಏನಾದರೂ ಆಡಿದ್ದುಂಟಾ? ಮ್ಯಾಚಿಗೆ ಬಾಜಿ? ಲಾಟರಿ, ಮಟ್ಕಾ, ಇಸ್ಪೀಟ್?" ಗಡಿ ದಾಟಿ ಕೆಲಸಕ್ಕೆ ಹೋಗುವವರಲ್ಲಿ ಕೇರಳದ ಲಾಟರಿಯ ಬಗ್ಗೆ ಪ್ರತ್ಯೇಕವಾಗಿ ಕೇಳಿ.

*ಒಬ್ಬರೇ ಇರುವಾಗ ಕೇಳಿ.* ತಂದೆ ಅಥವಾ ಪತ್ನಿಯ ಎದುರು ಯಾರೂ ಬಾಯಿಬಿಡುವುದಿಲ್ಲ.

*ಬೇರೆ ಪ್ರಶ್ನೆಗಳ ನಡುವೆ ಕೇಳಿ.* ನಿದ್ದೆ, ಊಟ, ತಂಬಾಕಿನ ಸಾಲಿನಲ್ಲಿ ಇದೂ ಒಂದಾಗಿ ಬರಲಿ. "ಎಲ್ಲರಲ್ಲೂ ಕೇಳುತ್ತೇನೆ" ಎಂದು ಮೊದಲೇ ಹೇಳಿ. ನಿಜಕ್ಕೂ ಎಲ್ಲರಲ್ಲೂ ಕೇಳಿ.

*ಎಷ್ಟು ಹೋಯಿತು ಎಂದು ಮೊದಲೇ ಕೇಳಬೇಡಿ.* ಮೊತ್ತ ಹೇಳಲು ನಾಚಿಕೆ. ಎಷ್ಟು ಹೊತ್ತು ಆಡುತ್ತೀರಿ, ಯಾವ ಹೊತ್ತಿನಲ್ಲಿ ಎಂದು ಕೇಳಿ. ಮೊತ್ತ ಅವರಾಗಿಯೇ ಹೇಳುತ್ತಾರೆ.

*ಉತ್ತರ ಕೇಳಿ ಬೆಚ್ಚಬೇಡಿ, ಉಪದೇಶ ಶುರು ಮಾಡಬೇಡಿ.* ಹರಾಮ್ ಎಂದು ಅವರಿಗೂ ಗೊತ್ತಿದೆ. ಗೊತ್ತಿರುವುದರಿಂದಲೇ ಇಷ್ಟು ದಿನ ಮುಚ್ಚಿಟ್ಟದ್ದು.

*'ಇಲ್ಲ' ಎಂದರೆ ಒತ್ತಾಯಿಸಬೇಡಿ.* "ಸರಿ. ಮುಂದೆ ಎಂದಾದರೂ ಇಂಥ ತೊಂದರೆ ಬಂದರೆ ನನ್ನಲ್ಲಿ ಹೇಳಬಹುದು" ಎಂದಷ್ಟೇ ಹೇಳಿ. ಎರಡು ತಿಂಗಳ ಬಳಿಕ ಮರಳಿ ಬಂದು ಹೇಳಿದವರಿದ್ದಾರೆ.

ಯಾರಲ್ಲಿ ತಪ್ಪದೆ ಕೇಳಬೇಕು?

ಕಾರಣ ತಿಳಿಯದ ನಿದ್ರಾಹೀನತೆ, ಹೊಟ್ಟೆಯುರಿ, ತಲೆನೋವು ಎಂದು ಪದೇ ಪದೇ ಬರುವ ಯುವಕರಲ್ಲಿ, ಖಿನ್ನತೆ ಇರುವವರಲ್ಲಿ, ಕುಡಿತ ಅಥವಾ ಮಾದಕ ವಸ್ತು ಬಿಡಲು ಬಂದವರಲ್ಲಿ, ಸಂಬಳ ಬಂದರೂ ಸಾಲ ಕೇಳುವವರಲ್ಲಿ, ಮನೆ ಬಿಟ್ಟು ಗಲ್ಫಿನಲ್ಲೋ ದೂರದ ಊರಿನಲ್ಲೋ ಒಂಟಿಯಾಗಿ ಇರುವವರಲ್ಲಿ.

ವೈದ್ಯರೂ ಮರೆಯುವ ಇನ್ನೊಂದು ಗುಂಪಿದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್, ಮನೋರೋಗಗಳಿಗೆ ಕೊಡುವ ಅರಿಪಿಪ್ರಜೋಲ್ ಕೆಲವರಲ್ಲಿ ತಡೆಯಲಾಗದ ಜೂಜಿನ ಹಂಬಲ ಹುಟ್ಟಿಸುತ್ತವೆ. ಜೀವನವಿಡೀ ಇಸ್ಪೀಟ್ ಮುಟ್ಟದ ಹಿರಿಯರೊಬ್ಬರು ಅರವತ್ತೈದರಲ್ಲಿ ಲಾಟರಿಯ ಕಂತೆ ಕೊಳ್ಳಲು ಶುರು ಮಾಡಿದರೆ ಬೈಯುವ ಮೊದಲು ಅವರ ಮಾತ್ರೆಯ ಚೀಟಿ ನೋಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ

ಸಾಲ ಬಯಲಾಗುವ ದಿನ ಈ ರೋಗಿಗೆ ಬಹಳ ಅಪಾಯದ ದಿನ. ಜೂಜಿನ ಚಟವಿದೆ ಎಂದು ತಿಳಿದ ಕೂಡಲೇ "ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಕೇಳಿದರೆ ಎದೆಯ ಭಾರ ಇಳಿಯುತ್ತದೆ. 'ಹೌದು' ಎಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಗುರುತಿಸಿದ ಮೇಲೆ

ಗುರುತಿಸಿ ಬಿಟ್ಟುಬಿಡುವುದರಿಂದ ಏನೂ ಆಗದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕಾಗಿಯೇ 2014ರಿಂದ 'ಶಟ್' ಕ್ಲಿನಿಕ್ ಇದೆ. ಮಾತಿನ ಮೂಲಕ ಆಲೋಚನೆಯ ದಾರಿ ತಿದ್ದುವ ಚಿಕಿತ್ಸೆಯೇ ಇದಕ್ಕೆ ಮುಖ್ಯ. ಕೆಲವರಿಗೆ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಯನ್ನೂ ಕೊಡುತ್ತಾರೆ.

ನನ್ನ ಪದ್ಧತಿಯ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕು. ಜೂಜು ಬಿಡಿಸುವ ಮಾಜೂನ್ ಯುನಾನಿಯಲ್ಲಿ ಇಲ್ಲ. ಇದೆ ಎಂದು ಮಾರುವವರನ್ನು ನಂಬಬೇಡಿ. ಯುನಾನಿ ಕೊಡಬಲ್ಲದ್ದು ಅಸ್ಬಾಬೆ ಸಿತ್ತಾ ಝರೂರಿಯಾದ ಶಿಸ್ತು, ಅಂದರೆ ಆರೋಗ್ಯಕ್ಕೆ ಅಗತ್ಯವಾದ ಆರು ವಿಷಯಗಳ ಸಮತೋಲನ. ಅದರಲ್ಲಿ ನಿದ್ದೆ ಎಚ್ಚರ, ದೇಹದ ಚಲನೆ ವಿಶ್ರಾಂತಿ, ಮನಸ್ಸಿನ ಚಲನೆ ವಿಶ್ರಾಂತಿ ಇವು ಮೂರೂ ಈ ರೋಗಿಯಲ್ಲಿ ಕೆಟ್ಟಿರುತ್ತವೆ. ಇಶಾದ ಬಳಿಕ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಫಜ್ರ್ ಜಮಾಅತಿಗೆ ನಡೆದುಕೊಂಡು ಹೋಗಲಿ. ಸಂಜೆ ಖಾಲಿ ಕೂರುವ ಹೊತ್ತಿಗೆ ಮೈ ಬೆವರುವ ಕೆಲಸವಿರಲಿ. ಇದು ಚಿಕಿತ್ಸೆಗೆ ಆಧಾರ, ಅದರ ಬದಲಿಯಲ್ಲ.

ಮನೆಯವರಿಗೆ ಒಂದು ಮಾತು. ಕೈಗೆ ದುಡ್ಡು ಕೊಟ್ಟು 'ಇದೊಂದು ಸಲ ಸಾಲ ತೀರಿಸು' ಎನ್ನಬೇಡಿ. ಆ ದುಡ್ಡು ಮತ್ತೆ ಆಟಕ್ಕೇ ಹೋಗುವ ಸಂಭವವಿದೆ. ಸಾಲದ ಪಟ್ಟಿ ಬರೆಸಿ, ಕೊಡುವುದಾದರೆ ಸಾಲ ಕೊಟ್ಟವರಿಗೇ ನೇರವಾಗಿ ಕೊಡಿ. ಯುಪಿಐ, ಎಟಿಎಂ ಕಾರ್ಡ್, ಚಿನ್ನ ಸ್ವಲ್ಪ ಕಾಲ ಬೇರೆಯವರ ಕೈಯಲ್ಲಿರಲಿ. ಇದು ಶಿಕ್ಷೆಯಲ್ಲ, ಮುರಿದ ಕಾಲಿಗೆ ಹಾಕುವ ಪ್ಲಾಸ್ಟರ್ ಇದ್ದಂತೆ ಎಂದು ಅವರಿಗೆ ವಿವರಿಸಿ. ಝಕಾತಿನ ಹಕ್ಕುದಾರರಲ್ಲಿ ಸಾಲಗಾರರೂ ಇದ್ದಾರೆ. ಇಂಥ ಸಾಲಕ್ಕೆ ಅದು ಯಾವಾಗ ಸಲ್ಲುತ್ತದೆ ಎಂಬುದನ್ನು ಉಲಮಾಗಳಲ್ಲಿ ಕೇಳಿ, ಅವರ ಸಲಹೆಯಂತೆ ನಡೆಯಿರಿ.

ಖತೀಬರಲ್ಲಿ, ಜಮಾಅತಿನ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಮಿಂಬರಿನಿಂದ ಜೂಜನ್ನು ಖಂಡಿಸಿ. ಆದರೆ ಅದೇ ಖುತುಬಾದ ಕೊನೆಗೆ "ಸಿಕ್ಕಿಬಿದ್ದವರಿದ್ದರೆ ನನ್ನ ಬಳಿ ಬನ್ನಿ, ಗುಟ್ಟು ಹೊರಗೆ ಹೋಗದು" ಎಂಬ ಒಂದು ಮಾತನ್ನೂ ಸೇರಿಸಿ. ಅಲ್ಲಾಹನು ಔಷಧವಿಲ್ಲದ ರೋಗವನ್ನು ಇಳಿಸಿಲ್ಲ ಎಂದು ಪ್ರವಾದಿ(ಸ) ನಮಗೆ ಕಲಿಸಿದ್ದಾರೆ. ಔಷಧದವರೆಗೆ ತಲುಪಲು ರೋಗಿಗೆ ಧೈರ್ಯ ಬೇಕು, ಆ ಧೈರ್ಯವನ್ನು ನಾವು ಕೊಡಬೇಕು.

ಆ ಯುವಕರು ಮುಂದಿನ ವಾರ ಪತ್ನಿಯ ಜೊತೆಗೇ ಬಂದರು. ಪತ್ನಿಯನ್ನು ಹೊರಗೆ ಕೂರಿಸಿ ಎರಡು ಪ್ರಶ್ನೆ ಕೇಳಿದೆ. ಎರಡನೆಯದಕ್ಕೆ ತಲೆ ತಗ್ಗಿಸಿ ಅತ್ತರು. ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ನಡುವೆ ಒಂದು ಐಪಿಎಲ್‌ನಲ್ಲಿ ಮತ್ತೆ ಜಾರಿದರು, ಆದರೆ ಈ ಸಲ ಮೂರನೇ ದಿನವೇ ತಾವಾಗಿ ಬಂದು ಹೇಳಿದರು. ಈಗ ನಿದ್ದೆ ಬರುತ್ತದೆ, ಹೊಟ್ಟೆಗೆ ಮದ್ದು ಬೇಕಾಗಿಲ್ಲ. ಮಹರಿನ ಸರ ಇನ್ನೂ ಅಡವಿನಲ್ಲೇ ಇದೆ, ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದಾರೆ.

ಐದು ಸಲ ಬಂದವರಲ್ಲಿ ಮೊದಲ ಸಲವೇ ಕೇಳಿದ್ದರೆ ಆ ಸರ ಬಹುಶಃ ಮನೆಯಲ್ಲೇ ಉಳಿಯುತ್ತಿತ್ತು. ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಅಥವಾ ಗೆಳೆಯರಲ್ಲಿ ಯಾರ ಮುಖವಾದರೂ ಇದನ್ನು ಓದುವಾಗ ನೆನಪಿಗೆ ಬಂದಿದ್ದರೆ, ಇಂದೇ ಅವರನ್ನು ಪಕ್ಕಕ್ಕೆ ಕರೆದು ಮೆಲ್ಲನೆ ಕೇಳಿ. ಅಲ್ಲಾಹನು ನಮ್ಮೆಲ್ಲರ ಮನೆಗಳನ್ನು ಈ ವಿಪತ್ತಿನಿಂದ ಕಾಪಾಡಲಿ, ಆಮೀನ್.